ತಮಟೆ ಬಡಿಯದ ವರ್ಷ

ಹುಣಸೆಪಾಳ್ಯ, ಮರಳವಾಡಿ ಹೋಬಳಿ
9 ಫೆಬ್ರವರಿ 2025

ಮಗನೇ ಅಶ್ವಥ,

ಈ ರಗಳೆಗೆ ಇಲ್ಲಿಯವರೆಗೆ ಏನೇನು ಹೋಯಿತು ಎಂದು ಕೂತು ಲೆಕ್ಕ ಹಾಕಿದೆ. ಎಂಟು ಮನೆಯ ರೇಷ್ಮೆಹುಳ. ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ಹತ್ತಬೇಕಾಗಿದ್ದವು, ತಿಪ್ಪೆ ಸೇರಿದವು. ನಿಮ್ಮ ಮೂರು ಬೈಕು, ಠಾಣೆಯ ಕಾಂಪೌಂಡಿನಲ್ಲಿ ಬಿಸಿಲು ಕಾಯುತ್ತಿವೆ. ನಮ್ಮ ಲಗ್ಗೇಜ್ ಆಟೊ, ವಕೀಲರ ಫೀಸಿಗೆ. ನಿನಗೆ ಗೊತ್ತು ಮಾಡಿದ್ದ ಹೆಣ್ಣು. ಕಲ್ಯದ ಬೀಗರು ಈಗ ನನ್ನ ಫೋನೇ ಎತ್ತುವುದಿಲ್ಲ. ನಿನ್ನ ಅವ್ವನ ಮಾತು. ಊಟಕ್ಕೆ ಏಳಿ ಎನ್ನುವುದನ್ನೂ ತಟ್ಟೆ ಕುಕ್ಕುವ ಸದ್ದಿನಲ್ಲೇ ಹೇಳುತ್ತಾಳೆ. ನಾಲ್ಕು ಹುಡುಗರು ಜೈಲಿನಲ್ಲಿ, ಅದರಲ್ಲಿ ಒಬ್ಬ ನೀನು. ಮುತ್ತುರಾಜುವಿನ ಬಲಗೈ ಮಣಿಕಟ್ಟು. ಅದು ಎದುರು ಪಾರ್ಟಿಯ ಖರ್ಚು, ನಮ್ಮ ಲೆಕ್ಕದಲ್ಲಿ ಹಿಡಿಯಬೇಡಿ ಎಂದು ವಕೀಲರು ಹೇಳಿದ್ದಾರೆ. ಆದರೂ ಬರೆದೆ. ಬರೆದ ಮೇಲೆ ಅಳಿಸಲು ಮನಸ್ಸು ಬರಲಿಲ್ಲ.

ಅಲ್ಲಿಯ ಫೋನಿನಲ್ಲಿ ಆಡಿದ ಮಾತೆಲ್ಲ ರೆಕಾರ್ಡ್ ಆಗುತ್ತದಂತೆ. ಅದಕ್ಕೇ ಈ ಕಾಗದ. ಶುಕೂರ್ ಸಾಹೇಬರು ನಿನ್ನ ಬಟ್ಟೆಯ ಜೊತೆ ತರುತ್ತಾರೆ. ಇಪ್ಪತ್ತು ವರ್ಷದಿಂದ ನಮ್ಮೂರ ಗೂಡು ಕೊಳ್ಳುವ ಮನುಷ್ಯ, ನನ್ನ ಮಾತು ತೆಗೆದುಹಾಕುವುದಿಲ್ಲ. ಓದಿ ಹರಿದುಹಾಕು.

ವಕೀಲರ ಪ್ರಕಾರ ನಿನ್ನ ಬಾಯಲ್ಲೂ ನನ್ನ ಬಾಯಲ್ಲೂ ಒಂದೇ ಮಾತು ಬರಬೇಕು. ನಡೆದದ್ದು ಹೀಗೆ. ಜನವರಿಯಲ್ಲಿ ನಾನು ಗುತ್ತಿಗೆ ಹಿಡಿದ ಮಾವಿನ ತೋಪು ಹೂವಾಗಿತ್ತು, ಜಿಗಿಹುಳು ಬಿದ್ದಿತ್ತು, ಔಷಧಿ ಹೊಡೆಯಲೇಬೇಕಿತ್ತು. ತೋಪಿನ ಔಷಧಿ ಗಾಳಿಗೆ ಹಾರಿ ಪಕ್ಕದ ಹಿಪ್ಪುನೇರಳೆ ಸೊಪ್ಪಿಗೆ ಬಿದ್ದರೆ, ಆ ಸೊಪ್ಪು ತಿಂದ ರೇಷ್ಮೆಹುಳ ಉಳಿಯುವುದಿಲ್ಲ. ಆದ್ದರಿಂದ ಹಿಂದಿನ ದಿನವೇ ಊರಿಗೆ ಸಾರಬೇಕು, ಜನ ಸೊಪ್ಪು ಕುಯ್ದು ಒಳಗಿಟ್ಟುಕೊಳ್ಳಬೇಕು. ತಮಟೆ ಬಡಿದು ಸಾರುವುದು ಕಾಲೋನಿಯ ಮುತ್ತುರಾಜು, ಅವನಿಗೆ ಮೊದಲು ಅವನಪ್ಪ. ನಾನು ಮುತ್ತುರಾಜುವಿಗೆ ಹೇಳಿದ್ದೆ. ಅವನು ಬೇಕೆಂತಲೇ ಸಾರಲಿಲ್ಲ. ಹುಳ ಸತ್ತವು. ನೀವು ಹುಡುಗರು ಕೇಳಲು ಹೋದಿರಿ, ಮಾತಿಗೆ ಮಾತು ಬೆಳೆಯಿತು.

ಇದನ್ನೇ ನಾನು ಕೋರ್ಟಿನಲ್ಲಿ ಪ್ರಮಾಣ ಮಾಡಿ ಬರೆದುಕೊಡುವುದು. ಬರೆದುಕೊಟ್ಟರೆ ಬೇಲ್ ಸಿಗುವ ಸಂಭವ ಇದೆ ಎನ್ನುತ್ತಾರೆ ವಕೀಲರು. ಇಲ್ಲದಿದ್ದರೆ ಅಟ್ರಾಸಿಟಿ ಕೇಸು, ಅಷ್ಟು ಬೇಗ ಬಿಡುವುದಿಲ್ಲ.

ನಿನ್ನ ಅವ್ವನಿಗೆ ಇಷ್ಟನ್ನೂ ಓದಿ ಹೇಳಿದೆ. ಎರಡು ವಾರದಿಂದ ಮಾತಾಡದವಳು ಬಾಯಿ ಬಿಟ್ಟಳು. "ಸಾರ್ಬೇಕಾಗಿದ್ ದಿನ ನೀವು ಕಲ್ಯದಲ್ಲಿದ್ರಲ್ಲಾ, ಬೀಗರ ಮನೇಲಿ. ಮುತ್ತುರಾಜಂಗೆ ಅದ್ಯಾವಾಗ ಹೇಳುದ್ರಿ?" ಎಂದು ಕೇಳಿ ದನ ಕಟ್ಟಲು ಹೋದಳು.

ಚಪ್ಪಲಿ ಬೇಕೆಂದಿದ್ದೆಯಂತೆ. ಅಳತೆ ತಿಳಿಸು.

ನಿನ್ನ ಅಪ್ಪ,
ಬೋರಲಿಂಗಯ್ಯ

*

ರಾಮನಗರ
20 ಫೆಬ್ರವರಿ 2025

ಅಪ್ಪ,

ಕಾಗದ ಸಿಕ್ಕಿತು. ಹರಿದುಹಾಕಿದೆ. ಚಪ್ಪಲಿ ಎಂಟನೇ ನಂಬರು.

ಇಲ್ಲಿ ನಮ್ಮ ಹುಡುಗರಿಗೆ ಏನೂ ಭಯವಿಲ್ಲ. ಹೋದ ವಾರ ಸ್ವಾಮಣ್ಣ ಬಂದಿದ್ದರು. ತಾಲ್ಲೂಕು ಲೀಡರ್ ಆಗಿ ನಮ್ಮಂಥವರನ್ನು ನೋಡಲು ಬಂದದ್ದಕ್ಕೇ ಇಲ್ಲಿಯ ಜನ ನಮಗೆ ದಾರಿ ಬಿಡುತ್ತಾರೆ. "ಏನ್ರಲಾ ಹುಲಿಗಳಾ! ಹೆದ್ರುಕೋಬ್ಯಾಡಿ ಕಣ್ರಲಾ. ನೀವ್ ಒಳಗಿದೀರಿ ಅಂತ ಹೊರಗೆ ನಮ್ ಜನ ಒಂದಾಗವ್ರೆ" ಎಂದರು. ತೋಪು ಕಾಯಲು ಕಟ್ಟಿದ ನಮ್ಮ ಕಾವಲು ಪಡೆಯ ಹೆಸರು ಈಗ ಮಾಗಡಿ ಕಡೆಯೂ ಗೊತ್ತಂತೆ. ಇನ್ನೂ ನಾಲ್ಕು ಊರಿನಲ್ಲಿ ಹಾಗೇ ಪಡೆ ಕಟ್ಟುತ್ತಿದ್ದಾರಂತೆ. ನಮ್ಮದೇ ಕಪ್ಪು ಟೀ ಶರ್ಟು, ನಮ್ಮದೇ ವಿಶಲ್ಲು. ಹೊರಡುವಾಗ ನಮ್ಮ ಜೊತೆ ಫೋಟೊ ಬೇಕೆಂದು ಕೇಳಿದರು. ಒಳಗೆ ಫೋನು ಬಿಡುವುದಿಲ್ಲ ಎಂದ ಮೇಲೆ ಒಂದು ನಿಮಿಷವೂ ಕೂರಲಿಲ್ಲ.

ನೀನು ಬರೆದುಕೊಡುವುದನ್ನು ಬೇಗ ಕೊಟ್ಟುಬಿಡು. ದಿನ ಹೋಗುವುದಿಲ್ಲ ಇಲ್ಲಿ. ಮೊನ್ನೆ ಜೈಲರ್ ಸಾಹೇಬರು ನನಗೊಂದು ಕೆಲಸ ಹಚ್ಚಿದರು. ಯಾರನ್ನು ನೋಡಲು ಮನೆಯವರು ಬಂದಿದ್ದಾರೋ ಅವರ ಹೆಸರನ್ನು ಗೇಟಿನಲ್ಲಿ ಕೇಳಿಕೊಂಡು, ಬ್ಯಾರಕ್ಕು ಬ್ಯಾರಕ್ಕಿಗೆ ಹೋಗಿ ಕೂಗಬೇಕು. ನಾನು ಮಾಡಲ್ಲ ಎಂದೆ. ಪಡೆ ಕಟ್ಟಿದವನು ನಾನು, ನನ್ನ ಕೈಲಿ ಕೂಗಿಸುತ್ತೀರಾ ಎಂದೆ. ಸಾಹೇಬರು ನಕ್ಕರು. "ಗಂಟ್ಲು ಚೆನ್ನಾಗೈತೆ, ಅಷ್ಟೇ ಸಾಕು ಬಾರಯ್ಯ" ಎಂದರು.

ಶುಕೂರ್ ಸಾಹೇಬರು ಮೂರು ಸಲ ಬಂದರು. ಅವರು ಬರುವ ದಿನ ನೀನೂ ಗೂಡಿನ ಮಾರ್ಕೆಟ್ಟಿಗೆ ಬಂದಿರುತ್ತೀಯಂತೆ. ಅದೇ ಊರು ಅಪ್ಪ, ಇದೂ.

ಅಶ್ವಥ್

*

ಹುಣಸೆಪಾಳ್ಯ
6 ಮಾರ್ಚ್ 2025

ಅಶ್ವಥ,

ಮಾರ್ಕೆಟ್ಟಿನ ಮಾತು ಬರೆದಿದ್ದೀಯ. ಹೌದು, ಬರುತ್ತೇನೆ. ಆ ಜೈಲಿನ ಗೇಟಿನ ಮುಂದೆ ಸಾಲು ನಿಂತಿರುವವರಲ್ಲಿ ನನ್ನ ಕೈಲಿ ಒಂದಲ್ಲ ಒಂದು ಕಾಲದಲ್ಲಿ ಬುದ್ಧಿವಾದ ಹೇಳಿಸಿಕೊಂಡವರು ಇರುತ್ತಾರೆ. ನಾನೂ ಹೋಗಿ ಅವರ ಹಿಂದೆ ಚೀಲ ಹಿಡಿದು ನಿಲ್ಲಬೇಕು. ಒಂದು ಸಲ ಆ ಕಡೆ ತಿರುಗಿದೆ. ಗೇಟು ಕಾಣುವಷ್ಟು ಹತ್ತಿರ ಹೋಗಿ, ಟೀ ಕುಡಿದು, ವಾಪಸ್ಸು ಬಂದೆ. ಶುಕೂರ್ ನೋಡಿದರು. "ಬೋರಣ್ಣಾ, ಟೀ ನಮ್ ಅಂಗಡಿ ಹತ್ರಾನೂ ಸಿಕ್ತದೆ" ಎಂದರು, ಅಷ್ಟೇ.

ನಿಮ್ಮ ಪಡೆಯ ಹೆಸರು ಮಾಗಡಿಯವರೆಗೆ ಹೋಗಿದೆ ಎಂದು ಹೆಚ್ಚುಗಾರಿಕೆಯಿಂದ ಬರೆದಿದ್ದೀಯ. ಅದು ಹುಟ್ಟಿದ್ದು ಹೇಗೆ ಎಂದು ನಿನಗೆ ಗೊತ್ತಿಲ್ಲ. ಅದು ಹುಟ್ಟಿದ್ದು ನನ್ನ ಜಿಪುಣತನದಿಂದ. ತೋಪಿನ ಕಾವಲು ಮೊದಲು ಯಾರದ್ದು? ಮುತ್ತುರಾಜು, ಅವನ ತಮ್ಮ, ಇನ್ನಿಬ್ಬರದ್ದು. ಕಾಯಿ ಬಿಟ್ಟಲ್ಲಿಂದ ಕೀಳುವವರೆಗೆ ಕೂಲಿ. ಹೋದ ವರ್ಷ ಅವರು ಕೂಲಿ ಏರಿಸಿ ಎಂದರು. ಅದೇ ಹೊತ್ತಿಗೆ ನೀವು ಹತ್ತು ಹನ್ನೆರಡು ಹುಡುಗರು ಅಶ್ವತ್ಥಕಟ್ಟೆ ಮೇಲೆ ಮೊಬೈಲು ನೋಡುತ್ತಾ ಕೂತಿದ್ದಿರಿ. ನನ್ನ ತಲೆ ಓಡಿತು. ಒಂದೊಂದು ಟೀ ಶರ್ಟು, ಒಂದೊಂದು ವಿಶಲ್ಲು, ಬೈಕಿಗೆ ಪೆಟ್ರೋಲು. "ಕಾಲೋನಿಯೋರು ಕಾವಲು ಕಾಯೋದೇನ್ರಲಾ, ಊರು ನಮ್ದು, ಕಾವಲೂ ನಮ್ದೇ" ಎಂದೆ. ಆ ಒಂದು ಮಾತಿಗೆ ನೀವು ಕೂಲಿಯನ್ನೇ ಕೇಳಲಿಲ್ಲ. ಜಾತಿಯ ಮಾತು ಕೂಲಿಗಿಂತ ಅಗ್ಗ ಎಂದು ನಮ್ಮ ಊರಿನಲ್ಲಿ ಕಂಡುಹಿಡಿದವನು ನಾನು. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಕಾಯಿ ಕಿತ್ತ ಮೇಲೆ ಪಡೆ ಕರಗುತ್ತದೆ ಎಂದುಕೊಂಡಿದ್ದೆ. ನೀವು ವಿಶಲ್ಲು ವಾಪಸ್ಸು ಕೊಡಲಿಲ್ಲ. ಕಾಲೋನಿಯ ಹುಡುಗರ ಬೈಕು ತಡೆದು ಎಲ್ಲಿಗೆ ಎಂದು ಕೇಳಲು ಶುರುಮಾಡಿದಿರಿ. ಸ್ವಾಮಿ ಬಂದು ಬಾವುಟ ಕೊಟ್ಟ, ಭಾಷಣ ಮಾಡಿದ. ಅವನಿಗೂ ಕೂಲಿಯಿಲ್ಲದ ಜನ ಬೇಕಿತ್ತು. ಕಾವಲಿನ ಕೂಲಿ ಹೋದ ಮೇಲೆ ಮುತ್ತುರಾಜು ಒಂದು ದಿನ ಮನೆಗೆ ಬಂದು ಹೇಳಿದ, "ಕೂಲಿ ಕೆಲ್ಸ ನಿಮ್ಮೋರ್ಗೆ, ಬಿಟ್ಟಿ ಕೆಲ್ಸ ನಮ್ಗಾ? ಇನ್ಮೇಲೆ ತಮಟೆ ಮುಟ್ಟಕ್ಕಿಲ್ಲ" ಎಂದು. ಅದು ಡಿಸೆಂಬರಿನಲ್ಲಿ. ನೀನೂ ಅಲ್ಲೇ ಬಾಗಿಲಲ್ಲಿ ನಿಂತಿದ್ದೆ.

ಮೊನ್ನೆ ಅವನ ಮನೆಗೆ ಹೋದೆ. ಕಾಲೋನಿಯೊಳಕ್ಕೆ ಕಾಲಿಟ್ಟು ಎಷ್ಟು ವರ್ಷವಾಗಿತ್ತೋ. ಮಗಳು ಧನುಶ್ರೀ ಕುರ್ಚಿ ತಂದುಹಾಕಿದಳು, ಕೂರಿ ಎನ್ನಲಿಲ್ಲ.

"ಏನ್ ಮುತ್ತ, ಕೈ ಹೆಂಗೈತೆ?"

"ಐತೆ, ಬೋರಲಿಂಗಯ್ಯನೋರೇ."

ಹಿಂದೆಲ್ಲ ಗೌಡ್ರೇ ಎನ್ನುತ್ತಿದ್ದ.

"ತೋಪಿನ ಕಾವಲು ನಿಂಗೇ ವಾಪಸ್ ಕೊಡ್ತೀನಿ ಕಣಪ್ಪ. ಕೂಲಿ ನೀನ್ ಹೇಳ್ದಷ್ಟು. ಒಂದೇ ಒಂದ್ ಮಾತು ಅಂದ್ಬುಡು. ಸಾರಕ್ಕೆ ಹೇಳಿದ್ರು, ನಂಗೆ ಮರ್ತೋಯ್ತು ಅಂತ."

ಅವನು ಮಗಳ ಕಡೆ ನೋಡಿದ. ನಕ್ಕನೇ ಎಂದು ಈಗಲೂ ಅನುಮಾನ. "ಹೊಡ್ಯೋವಾಗ್ಲೂ ನಿಮ್ ಹುಡುಗ್ರು ಅದ್ನೇ ಹೇಳ್ಸಕ್ ನೋಡುದ್ರು. 'ಹೇಳಿದ್ರು ಅಂತ ಒಪ್ಕೋ, ಬುಡ್ತೀವಿ' ಅಂತ. ಒಪ್ಕೊಂಡಿದ್ರೆ ಕೈಯಾದ್ರೂ ಉಳೀತಿತ್ತು. ಈಗ ಕೈ ಹೋದ್ಮೇಲೆ ಒಪ್ಕೊಳ್ಳಾ?"

ಕುರ್ಚಿಯ ಮೇಲೆ ನಾನು ಕೂತೇ ಇರಲಿಲ್ಲ ಎಂದು ಹೊರಗೆ ಬಂದಾಗ ತಿಳಿಯಿತು.

ವಕೀಲರು ಪ್ರಮಾಣಪತ್ರ ಟೈಪ್ ಮಾಡಿಸಿದ್ದಾರೆ. ಸಹಿ ಒಂದು ಬಾಕಿ. ತಿಂಗಳ ಕೊನೆಗೆ ಕೋರ್ಟಿದೆ. ಹಾಕುತ್ತೇನೆ, ನೀನು ಯೋಚನೆ ಮಾಡಬೇಡ.

ನಿನ್ನ ಅಪ್ಪ

*

ರಾಮನಗರ
17 ಮಾರ್ಚ್ 2025

ಅಪ್ಪ,

ನಿನ್ನ ಕಾಗದವನ್ನು ಹರಿದುಹಾಕಲಿಲ್ಲ. ನಾಲ್ಕು ಸಲ ಓದಿದೆ.

ಕೂಗುವ ಕೆಲಸ ಹಿಡಿದು ಒಂದು ತಿಂಗಳಾಯಿತು. ಮೊದಲ ದಿನ ಹೆಸರು ಕೂಗಲು ನಾಚಿಕೆಯಾಗಿ ಮೆತ್ತಗೆ ಹೇಳಿದೆ. ಚನ್ನಪಟ್ಟಣದ ಹಬೀಬ್ ಎನ್ನುವವನಿಗೆ ಕೇಳಿಸಲಿಲ್ಲ. ಅವನ ಹೆಂಡತಿ ಮಗು ಎತ್ತಿಕೊಂಡು ಗೇಟಿನಲ್ಲಿ ಕಾದು ಕಾದು, ಟೈಮು ಮುಗಿದು ಹೋಗಿಬಿಟ್ಟಳು. ಅವನು ನನ್ನನ್ನು ಬೈಯಲಿಲ್ಲ. "ಇನ್ನೊಂದ್ ಸಲ ಜೋರಾಗ್ ಕೂಗಣ್ಣ" ಎಂದ. ಈಗ ಜೋರಾಗಿ ಕೂಗುತ್ತೇನೆ. ನಾನು ಬ್ಯಾರಕ್ಕಿನ ಕಡೆ ತಿರುಗಿದರೆ ಸಾಕು, ಎಲ್ಲರೂ ಮಾತು ನಿಲ್ಲಿಸುತ್ತಾರೆ. ನನ್ನ ಬಾಯನ್ನು ಹೀಗೆ ಯಾರೂ ಕಾದಿರಲಿಲ್ಲ, ಪಡೆಯಲ್ಲಿದ್ದಾಗಲೂ.

ಅಪ್ಪ, ನೀನು ಹೇಳಿದ್ದು ಮುತ್ತುರಾಜುವಿಗೆ ಅಲ್ಲ. ಕಲ್ಯಕ್ಕೆ ಹೊರಡುವಾಗ ಗಾಡಿ ಹತ್ತಿ ನನಗೆ ಹೇಳಿದೆ. "ಅವ್ನು ಸಾರಕ್ಕಿಲ್ಲ ಅಂದವ್ನೆ, ನೀನೇ ಒಸಿ ಮನೆಮನೆಗೋಗಿ ಹೇಳ್ಬುಟ್ ಬಾರ್ಲಾ" ಎಂದೆ. ನಾನು ಹೂಂ ಎಂದೆ. ಹೋಗಲಿಲ್ಲ. ಮೊದಲನೇ ಮನೆಯವರೆಗೂ ಹೋಗಿ ಬಾಗಿಲು ತಟ್ಟದೆ ತಿರುಗಿದೆ. ಬೀದಿಯಲ್ಲಿ ಯಾರಾದರೂ ನೋಡಿ "ಓಹೋ, ಹೊಸಾ ತಮಟೆಯೋನು ಬಂದ" ಎಂದರೆ? ಮೊಬೈಲಿನಲ್ಲಿ ಗ್ರೂಪಿಗೆ ಹಾಕೋಣ ಎಂದು ಅಷ್ಟೂ ಟೈಪ್ ಮಾಡಿದೆ. ನಮ್ಮ ಹುಡುಗರೇ ಗೇಲಿ ಮಾಡುತ್ತಾರೆ ಎನ್ನಿಸಿತು. ಅಳಿಸಿದೆ. ಗಾಳಿ ಇರಲಾರದು ಎಂದುಕೊಂಡೆ.

ಹುಳ ಸತ್ತ ದಿನ ಎಂಟು ಮನೆಯವರೂ ನಮ್ಮ ಅಂಗಳದಲ್ಲಿ ನಿಂತು "ಯಾಕ್ಲಾ ಸಾರ್ಲಿಲ್ಲ?" ಎಂದು ಕೇಳಿದಾಗ, "ಮುತ್ತುರಾಜಂಗೆ ಹೇಳಿದ್ವಿ" ಎಂದೆ. ಬಾಯಿಂದ ತಾನಾಗಿ ಬಂತು. ನಿನ್ನ ಕಡೆ ನೋಡಿದೆ. ನೀನು ಅಲ್ಲ ಎನ್ನುತ್ತೀಯ ಎಂದುಕೊಂಡೆ. ನೀನು ತಲೆ ಆಡಿಸಿದೆ.

ಕಾಲೋನಿಯಲ್ಲಿ ನಾನು ಹೊಡೆಯಲಿಲ್ಲ ಎಂದು ಪೊಲೀಸರಿಗೆ ಹೇಳಿದ್ದೇನೆ. ಅದು ನಿಜ. ನಾನು ಅವನ ಕೈಯನ್ನು ಹಿಡಿದುಕೊಂಡಿದ್ದೆ. ಅವನು ನನ್ನ ಮುಖವನ್ನೇ ನೋಡುತ್ತಾ "ಅಶ್ವಥಪ್ಪ, ನೀನಾದ್ರೂ ಹೇಳು" ಎಂದ.

ಸಹಿ ಹಾಕು ಎಂದು ಬರೆಯಲು ಕೂತೆ. ಹಾಕಬೇಡ ಎಂದು ಬರೆಯಲೂ ಧೈರ್ಯ ಇಲ್ಲ. ಹೊರಗೆ ಬರಬೇಕು ಅಪ್ಪ. ಅವ್ವನ ಕೈಯ ಮುದ್ದೆ ತಿನ್ನಬೇಕು. ಹಬೀಬನಿಗೆ ಇದನ್ನೆಲ್ಲ ಹೇಳಿದೆ. ಅವನು ಪಕ್ಕಕ್ಕೆ ತಿರುಗಿ ಮಲಗಿದ.

ಅಶ್ವಥ್

*

ಹುಣಸೆಪಾಳ್ಯ
23 ಮಾರ್ಚ್ 2025

ಅಶ್ವಥ,

ಚಪ್ಪಲಿ ಕಳಿಸಿದ್ದೇನೆ. ಎಂಟನೇ ನಂಬರು ಇರಲಿಲ್ಲ, ಒಂಬತ್ತಿದೆ. ನಿನ್ನ ಅವ್ವ ಹುರಿಗಡಲೆ ಉಂಡೆ ಇಟ್ಟಿದ್ದಾಳೆ. ತೋಪಿನಲ್ಲಿ ಕಾಯಿ ಗೋಲಿ ಗಾತ್ರ ಆಗಿದೆ, ಇನ್ನೊಂದು ಸಲ ಔಷಧಿ ಹೊಡೆಯಬೇಕು. ಎಂಟು ಮನೆಯವರೂ ಹೊಸದಾಗಿ ಹುಳ ತಂದಿದ್ದಾರೆ.

ಬೇರೆ ಏನೂ ಇಲ್ಲ.

ಅಪ್ಪ

*

ಹುಣಸೆಪಾಳ್ಯ
3 ಏಪ್ರಿಲ್ 2025

ಮಗನೇ,

ಈ ಕಾಗದವನ್ನು ಶುಕೂರ್ ಕೈಲಿ ಕೊಡುತ್ತಿಲ್ಲ. ಮರಳವಾಡಿಯಲ್ಲಿ ಅಂಚೆಗೆ ಹಾಕುತ್ತೇನೆ. ಅಲ್ಲಿಯ ಸಾಹೇಬರು ಒಡೆದು ಓದಿಯೇ ನಿನಗೆ ಕೊಡಲಿ.

ಔಷಧಿ ಹೊಡೆಯುವ ಹಿಂದಿನ ದಿನ ಯಾರು ಸಾರುವುದು ಎಂಬ ಪ್ರಶ್ನೆ ಮತ್ತೆ ಎದುರಿಗೆ ಬಂತು. ನಿಮ್ಮ ಪಡೆಯಲ್ಲಿ ಹೊರಗೆ ಉಳಿದಿರುವ ಹುಡುಗರನ್ನು ಕರೆದು ಕೇಳಿದೆ. ಒಬ್ಬನ ಬೈಕು ಕೆಟ್ಟಿತ್ತು. ಒಬ್ಬನಿಗೆ ಗಂಟಲು ನೋವು. ಇನ್ನೊಬ್ಬ ನೇರವಾಗಿಯೇ ಅಂದ, "ನಾವೇನ್ ಬೋರಣ್ಣ, ಆ ಕೆಲ್ಸದೋರಾ?" ನೀನು ಬಾಗಿಲು ತಟ್ಟದೆ ತಿರುಗಿದ್ದು ಯಾಕೆಂದು ಆಗ ಚೆನ್ನಾಗಿ ತಿಳಿಯಿತು. ಆ ಮಾತನ್ನು ನಿಮ್ಮ ಬಾಯಿಗೆ ಇಟ್ಟವನು ಟೀ ಶರ್ಟಿನ ಜೊತೆ ನಾನೇ.

ಜಗುಲಿಯ ಮೇಲೆ ಕೂತಿದ್ದೆ. ನಿನ್ನ ಅವ್ವ ಒಳಗಿಂದ ಬಂದು ಒಂದು ಸ್ಟೀಲ್ ತಟ್ಟೆ, ಒಂದು ಸೌಟು ನನ್ನ ತೊಡೆಯ ಮೇಲೆ ಇಟ್ಟಳು. ಊಟಕ್ಕೇನೋ ಎಂದುಕೊಂಡೆ. ತಟ್ಟೆ ಖಾಲಿಯಿತ್ತು. "ಕತ್ಲಾಗೋಕ್ ಮುಂಚೆ ಹೊರಡಿ. ಜನ ಸೊಪ್ಪು ಕುಯ್ಕೋಬೇಕು" ಎಂದಳು.

ಹೋದೆ. ಮೊದಲ ಮನೆಯ ಮುಂದೆ ತಟ್ಟೆ ಬಡಿದಾಗ ಮಕ್ಕಳು ಓಡಿ ಬಂದವು. ಅತ್ತೆ ಸೊಸೆ ಇಬ್ಬರೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. "ಇದೇನ್ ಬೋರಣ್ಣ, ಎಲೆಕ್ಷನ್‌ಗೆ ನಿಂತ್ರಾ?" ನಾನೂ ನಕ್ಕೆ. ಮಾತಿನಲ್ಲಿ ಗೆದ್ದು ಬದುಕಿದವನು, ಅಲ್ಲಿಯೂ ಒಂದು ತಮಾಷೆ ಮಾಡಿ ಮುಂದಕ್ಕೆ ಹೋಗಬಹುದಿತ್ತು. ಔಷಧಿಯ ಮಾತು ಹೇಳಿದೆ. ಆಮೇಲೆ ಹೇಳಿದೆ, "ಇನ್ನೊಂದ್ ಮಾತೈತೆ. ಹೋದ ಸಲ ಮುತ್ತುರಾಜಂಗೆ ಯಾರೂ ಹೇಳಿರ್ಲಿಲ್ಲ. ನನ್ ಮಗಂಗೆ ಹೇಳಿದ್ದೆ, ಅವ್ನು ಸಾರ್ಲಿಲ್ಲ. ನೀವ್ ಕೇಳ್ದಾಗ ಸುಳ್ಳು ಹೇಳ್ದ. ನಾನ್ ಪಕ್ಕದಲ್ಲಿ ನಿಂತು ತಲೆ ಆಡಿಸ್ದೆ."

ನಗು ನಿಂತಿತು. ಎಂಟು ಮನೆಗೂ ಅದೇ ಮಾತು. ಮೂರನೇ ಮನೆಗೆ ಹೋಗುವಷ್ಟರಲ್ಲಿ ಮಾತು ನನಗಿಂತ ಮುಂದೆ ಹೋಗಿತ್ತು. ಒಂದು ಮನೆಯಲ್ಲಿ ಬಾಗಿಲು ಹಾಕಿಕೊಂಡರು. ಹೊರಗೆ ನಿಂತೇ ಹೇಳಿದೆ. ಒಬ್ಬ ಕಾಲಿನ ಹತ್ತಿರ ಉಗಿದ. "ನಿನ್ ಮಾತ್ ಕಟ್ಕೊಂಡು ನನ್ ಮಗನ್ನ ಜೈಲಿಗ್ ಕಳ್ಸುದ್ನಲ್ಲೋ" ಎಂದ. ಅವನ ಮಗ ನಿನ್ನ ಬ್ಯಾರಕ್ಕಿನಲ್ಲೇ ಇದ್ದಾನೆ. ತಟ್ಟೆ ಹಿಡಿದು ಮುಂದಿನ ಮನೆಗೆ ಹೋದೆ.

ಕಾಲೋನಿಯಲ್ಲಿ ಹುಳ ಸಾಕುವವರು ಯಾರೂ ಇಲ್ಲ, ಅಲ್ಲಿ ಸಾರುವ ಪದ್ಧತಿಯೂ ಇಲ್ಲ. ಆದರೂ ಹೋದೆ. ಧನುಶ್ರೀ ಬಾಗಿಲಿಗೆ ಬಂದಳು. "ನಮ್ ಮನೇಲಿ ಯಾವ್ ಹುಳ ಐತೆ ಅಂತ ಬಂದ್ರಿ?" ಎಂದಳು. ಅವಳ ಹಿಂದೆ ಮುತ್ತುರಾಜು ನಿಂತಿದ್ದ, ಕೈಯನ್ನು ಎದೆಗೆ ಒತ್ತಿಕೊಂಡು. ನಾನು ಹೇಳಿದೆ. ಊರಲ್ಲಿ ಎಂಟು ಸಲ ಹೇಳಿದ ಮಾತು ಅಲ್ಲಿ ಮೆತ್ತಗೆ ಬಂತು.

"ಕೇಳುಸ್ಲಿಲ್ಲ" ಎಂದ ಅವನು. "ಅಕ್ಕಪಕ್ಕದ ಮನೆಗೂ ಕೇಳಂಗೆ ಹೇಳಿ."

ಜೋರಾಗಿ ಹೇಳಿದೆ. ಅಕ್ಕಪಕ್ಕದವರು ಹೊರಗೆ ಬಂದು ನಿಂತರು. ಅವನು ಅವರನ್ನೆಲ್ಲ ಒಂದು ಸಲ ನೋಡಿದ. ನನ್ನನ್ನು ನೋಡಲಿಲ್ಲ. ಒಳಗೆ ಹೋದ.

ಮರುದಿನ ಗಾಳಿ ಎದ್ದಿತ್ತು. ಹುಳ ಉಳಿದವು.

ಪ್ರಮಾಣಪತ್ರಕ್ಕೆ ಸಹಿ ಹಾಕಲಿಲ್ಲ. ವಕೀಲರು "ನಿಮ್ಮ ಮಗ ತಾನೇ ಒಳಗಿರೋದು?" ಎಂದು ಕೇಳಿದರು. ಹೌದು ಸ್ವಾಮಿ ಎಂದೆ. ಕೋರ್ಟಿನಲ್ಲಿ ನಿನಗೆ ಬೇಲ್ ಆಗಲಿಲ್ಲ, ಆ ಹೊತ್ತಿಗೆ ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಮನೆಮನೆಗೆ ಹೇಳಿದ್ದನ್ನೇ ಪೊಲೀಸರಿಗೂ ಬರೆದುಕೊಟ್ಟಿದ್ದೇನೆ. ನಿನಗೆ ಅದು ಇನ್ನಷ್ಟು ಭಾರವಾಗಬಹುದು. ಕ್ಷಮಿಸು ಎಂದು ಬರೆಯಲು ಹೋದೆ, ಆ ಮಾತು ಮೊದಲು ಸಲ್ಲಬೇಕಾದ ಮನೆ ಬೇರೆ ಇದೆ ಎಂದು ಬಿಟ್ಟೆ.

ಮಂಗಳವಾರ ನಾನೂ ನಿನ್ನ ಅವ್ವನೂ ಬರುತ್ತೇವೆ. ಗೇಟಿನಲ್ಲಿ ಸಾಲು ನಿಲ್ಲುತ್ತೇವೆ. ನಮ್ಮನ್ನು ನೋಡಲು ಬರಬೇಕಾದವನು ನೀನು, ನಿನ್ನ ಹೆಸರನ್ನು ನೀನೇ ಕೂಗಿಕೊಳ್ಳಬೇಕಾಗುತ್ತದೆ. ಜೋರಾಗಿ ಕೂಗು.

ಮೊದಲನೆಯ ಕಾಗದದಲ್ಲಿ ಹೋದದ್ದರ ಲೆಕ್ಕ ಬರೆದಿದ್ದೆ. ಯಾರಿಗೆ ಏನು ಬಂತು ಎಂಬುದು ಬಾಕಿ ಉಳಿದಿತ್ತು.

ಸ್ವಾಮಿಗೆ ನಾಲ್ಕು ಊರಿನ ಪಡೆ, ಮುಂದಿನ ಎಲೆಕ್ಷನ್‌ಗೆ ಟಿಕೆಟ್ಟು. ನಮ್ಮ ಊರಿನ ಕಡೆ ಈಗ ಬರುವುದಿಲ್ಲ.

ವಕೀಲರಿಗೆ ಲಗ್ಗೇಜ್ ಆಟೊ.

ಹುಡುಗರಿಗೆ ತಲೆಗೊಂದು ಟೀ ಶರ್ಟು, ಒಂದು ಕೇಸು.

ಎಂಟು ಮನೆಯವರಿಗೆ ಈ ಸಲದ ಗೂಡು. ಹೋದ ಸಲದ್ದನ್ನು ನಾನು ಕಟ್ಟಿಕೊಡಬೇಕು.

ನನಗೆ ಒಂದು ವರ್ಷದ ಕಾವಲಿನ ಕೂಲಿ ಉಳಿತಾಯ.

ನಿನಗೆ ಒಂದು ಅಳತೆ ದೊಡ್ಡ ಚಪ್ಪಲಿ.

ಮುತ್ತುರಾಜುವಿಗೆ, ಅವನು ಸುಳ್ಳು ಹೇಳಲಿಲ್ಲ ಎಂಬ ಮಾತು. ಅದು ಮೊದಲೂ ಅವನದ್ದೇ ಆಗಿತ್ತು.

ಬೋರಲಿಂಗಯ್ಯ